ಘಟ್ಟದ ಮೇಲಿನವನು ಏಡಿ ತಿಂದದ್ದು

ನನ್ನ ಹೆಂಡತಿ ಕರಾವಳಿಯವಳು. ನಾನು ದಾವಣಗೆರೆ ಕಡೆಯವನು. ಮದುವೆಯಾಗಿ ಹದಿನೇಳು ವರ್ಷವಾದರೂ ಅವಳ ತವರಿನಲ್ಲಿ ಮೀನಿನ ಮಾತು ಬಂದಾಗ ನನ್ನ ಅಭಿಪ್ರಾಯ ಯಾರಿಗೂ ಬೇಕಿಲ್ಲ. "ಅವರು ಘಟ್ಟದ ಮೇಲಿನವರಲ್ವಾ, ಪಾಪ" ಎಂದು ಮುಳ್ಳಿಲ್ಲದ ತುಂಡು ಆರಿಸಿ ನನ್ನ ತಟ್ಟೆಗೆ ಹಾಕುತ್ತಾರೆ. ಪಕ್ಕದಲ್ಲಿ ಕೂತ ನಾಲ್ಕು ವರ್ಷದ ಮಗುವಿಗೂ ಅದೇ ತುಂಡು. ಆ ಮಗು ನನಗಿಂತ ಬೇಗ ದೊಡ್ಡದಾಗಿ ಮುಳ್ಳಿನ ತುಂಡಿಗೆ ಬಡ್ತಿ ಪಡೆಯುತ್ತದೆ. ನಾನು ಅಲ್ಲೇ ಇರುತ್ತೇನೆ.

ಹೀಗಾಗಿ ಭಾವ ಮತ್ತು ಅತ್ತೆ ಬೇಸಿಗೆಗೆ ಅಮೆರಿಕಕ್ಕೆ ಬರುತ್ತಾರೆ ಎಂದು ಗೊತ್ತಾದಾಗ ನನ್ನೊಳಗೆ ಒಂದು ಆಸೆ ಮೊಳಕೆ ಒಡೆಯಿತು. ನಾವಿರುವುದು ಮೇರಿಲ್ಯಾಂಡ್. ಇಲ್ಲಿ ಏಡಿ ಅಂದರೆ ಹುಡುಗಾಟ ಅಲ್ಲ. ಕಾರಿನ ಹಿಂದೆ ಏಡಿ, ಟೀ ಶರ್ಟಿನ ಮೇಲೆ ಏಡಿ. 1989ರಲ್ಲಿ ಕಾನೂನು ಮಾಡಿ ನೀಲಿ ಏಡಿಗೆ ರಾಜ್ಯದ ಗೌರವವನ್ನೇ ಕೊಟ್ಟಿದ್ದಾರೆ. ಅರಬ್ಬಿ ಸಮುದ್ರದ ಮೀನು ಭಾವನದು, ಒಪ್ಪಿದೆ. ಆದರೆ ಚೆಸಪೀಕ್ ಕೊಲ್ಲಿಯ ಏಡಿ ನನ್ನದು. ಈ ಸಲ ಗೈಡ್ ನಾನು.

ಒಂದೇ ತೊಂದರೆ. ಹದಿನಾಲ್ಕು ವರ್ಷ ಇಲ್ಲಿದ್ದೂ ನಾನು ಒಂದು ಇಡೀ ಏಡಿಯನ್ನು ಕೂತು ಒಡೆದು ತಿಂದಿರಲಿಲ್ಲ. ತಿಂದದ್ದೆಲ್ಲ ಕ್ರ್ಯಾಬ್ ಕೇಕ್. ಯಾರೋ ಪುಣ್ಯಾತ್ಮರು ಬಿಡಿಸಿ, ಉಂಡೆ ಕಟ್ಟಿ, ಬೇಯಿಸಿ ಕೊಟ್ಟದ್ದು. ಫೋರ್ಕ್ ಸಾಕು. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಯೂಟ್ಯೂಬ್‌ನಲ್ಲಿ ಏಡಿ ಬಿಡಿಸುವ ವಿಡಿಯೋ ನಾಲ್ಕು ನೋಡಿದೆ. ಸುಲಭ ಅನ್ನಿಸಿತು. ವಿಡಿಯೋದಲ್ಲಿ ಈಜೂ ಸುಲಭವೇ.

ಶನಿವಾರ ಹೊರಟೆವು. ಅತ್ತೆ ಕಾರು ಹತ್ತುವಾಗಲೇ, "ನನಗೆ ಇವತ್ತು ಆಗ್ಲಿಕ್ಕಿಲ್ಲ, ಶನಿವಾರ" ಎಂದರು. ಇಲ್ಲಿ ಹೊರಗೆ ಸುತ್ತುವುದೆಲ್ಲ ಶನಿವಾರವೇ ಅಲ್ವಾ? ಅವರು ಬಂದ ಮೂರು ವಾರದಲ್ಲಿ ಎಲ್ಲಿ ಹೋದರೂ ಬ್ರೆಡ್ಡು ಮತ್ತು ಆಲೂಗಡ್ಡೆ ತಿಂದೇ ವಾಪಸ್ ಬಂದಿದ್ದರು.

ನಾವು ಹೋಗಬೇಕಿದ್ದದ್ದು ಕೆಂಟ್ ದ್ವೀಪಕ್ಕೆ. ಚೆಸಪೀಕ್ ಕೊಲ್ಲಿಯಲ್ಲೇ ಅತಿ ದೊಡ್ಡ ದ್ವೀಪ. ಅದಕ್ಕೆ ಮುಂಚೆ ಬೇ ಬ್ರಿಡ್ಜ್ ದಾಟಬೇಕು. ಈ ಸೇತುವೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಉದ್ದ ಸುಮಾರು ಏಳು ಕಿಲೋಮೀಟರ್. ಅಕ್ಕಪಕ್ಕ ಎರಡು ಸೇತುವೆ; ಒಂದು 1952ರದ್ದು, ಇನ್ನೊಂದು 1973ರದ್ದು. ದೊಡ್ಡ ಹಡಗುಗಳು ಕೆಳಗೆ ಹೋಗಬೇಕಲ್ಲ, ಹಾಗಾಗಿ ನಡುವೆ ನೀರಿನಿಂದ 186 ಅಡಿ ಎತ್ತರಕ್ಕೆ ಏರುತ್ತದೆ. ತಡೆಗೋಡೆ ಗಿಡ್ಡ. ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗವೂ ಇಲ್ಲ. ಇದನ್ನು ದಾಟಲು ಎಷ್ಟು ಜನ ಹೆದರುತ್ತಾರೆ ಅಂದರೆ, ದುಡ್ಡು ತಗೊಂಡು ನಿಮ್ಮ ಕಾರನ್ನು ನಿಮ್ಮನ್ನೂ ಕೂರಿಸಿಕೊಂಡು ಆಚೆ ದಡ ಮುಟ್ಟಿಸುವವರೇ ಇದ್ದಾರೆ. ಅದೇ ಅವರ ಕಸುಬು. "ಅವರನ್ನೇ ಕರೆಯೋಣ" ಎಂದು ಹೆಂಡತಿ ಮೆಲ್ಲಗೆ ಹೇಳಿದಳು. ಭಾವನ ಎದುರು ಆಗುತ್ತದೆಯೇ!

ಟೋಲ್ ಹತ್ತಿರ ಗೈಡ್‌ಗಿರಿ ಶುರು ಮಾಡಿದೆ. "ಭಾವ, ಇಲ್ಲೊಂದು ತಮಾಷೆ. ಪೂರ್ವಕ್ಕೆ ಹೋಗುವಾಗ ಮಾತ್ರ ಟೋಲ್. ವಾಪಸ್ ಬರುವಾಗ ಪುಕ್ಕಟೆ."

"ಮತ್ತೆಂತ? ಹೋಗುವವರ ಕೈಯಲ್ಲಿ ದುಡ್ಡು ಇರ್ತದೆ. ತಿಂದು ಬರುವವರ ಕೈಯಲ್ಲಿ ಎಂತ ಇರ್ತದೆ?" ಎಂದರು ಭಾವ.

ಬೇಸಿಗೆಯ ಶನಿವಾರ ಅರ್ಧ ರಾಜ್ಯವೇ ಆಚೆಯ ಬೀಚಿಗೆ ಹೊರಟಿರುತ್ತದೆ. ಅಂಥ ದಿನ ಪಶ್ಚಿಮಕ್ಕೆ ಬರುವ ಸೇತುವೆಯ ಒಂದು ಲೇನನ್ನೂ ಪೂರ್ವಕ್ಕೆ ಹೋಗುವವರಿಗೆ ಬಿಡುತ್ತಾರೆ. ಅಂದರೆ ಎದುರಿನಿಂದ ಲಾರಿಗಳು ಬರುತ್ತಿರುತ್ತವೆ, ನಡುವೆ ಏನೂ ಇರುವುದಿಲ್ಲ. ನಾನು ಆ ಲೇನಿಗೇ ಸಿಕ್ಕಿಕೊಂಡೆ. ಸ್ಟಿಯರಿಂಗ್ ಹಿಡಿದ ನನ್ನ ಬೆರಳುಗಳು ಬಿಳುಚಿಕೊಂಡವು. ಎಸಿ ಇದ್ದೂ ಬೆನ್ನು ಒದ್ದೆ. ಭಾವ ಮಾತ್ರ ಕಿಟಕಿಗೆ ಹಣೆ ಹಚ್ಚಿ ಕೆಳಗಿನ ನೀರು ನೋಡುತ್ತಿದ್ದರು. "ಇದು ಕಡಲಲ್ಲ ಮಾರಾಯ್ರೆ. ಬಣ್ಣ ನೋಡಿ. ಇದು ಅಳಿವೆ ನೀರು" ಎಂದರು. ಸರಿಯಾಗಿತ್ತು. ಚೆಸಪೀಕ್ ಈ ದೇಶದ ಅತಿ ದೊಡ್ಡ ಅಳಿವೆ, ಅಂದರೆ ನದಿಯ ಸಿಹಿನೀರು ಕಡಲಿನ ಉಪ್ಪುನೀರಿಗೆ ಬೆರೆಯುವ ಜಾಗ. ಅದನ್ನು ನಾನು ಹೇಳಬೇಕೆಂದು ಇಟ್ಟುಕೊಂಡಿದ್ದೆ. ಸೇತುವೆ ಮೇಲೆ ನನಗೆ ಬಾಯಿ ಬಿಡುವ ಸ್ಥಿತಿ ಇರಲಿಲ್ಲ.

ದ್ವೀಪ ಮುಟ್ಟಿದ ಮೇಲೆ ಬಾಯಿ ಬಂತು. 1631ರಲ್ಲಿ ವಿಲಿಯಂ ಕ್ಲೇಬೋರ್ನ್ ಎಂಬಾತ ಇಲ್ಲಿ ವ್ಯಾಪಾರಕ್ಕೆ ಠಾಣೆ ಹಾಕಿದ್ದು, ಸೇತುವೆ ಬರುವ ತನಕ ಜನ ಫೆರ್ರಿಯಲ್ಲಿ ದಾಟುತ್ತಿದ್ದದ್ದು, ಎಲ್ಲ ಹೇಳಿದೆ. ಹಿಂದಿನ ಸೀಟಿನಲ್ಲಿ ಅತ್ತೆ ನಿದ್ದೆ ಹೋಗಿದ್ದರು. ಮಗಳ ಕಿವಿಯಲ್ಲಿ ಇಯರ್‌ಫೋನ್.

ದ್ವೀಪದ ಪೂರ್ವದ ಅಂಚಿನಲ್ಲಿ ಕೆಂಟ್ ನ್ಯಾರೋಸ್ ಎಂಬ ಕಿರಿದಾದ ನೀರಿನ ದಾರಿ. ಆಚೆ ದಡ ಮುಖ್ಯ ನೆಲ. ಒಂದು ಕಾಲದಲ್ಲಿ ಇಲ್ಲಿ ಆಯ್ಸ್ಟರ್, ಅಂದರೆ ಸಿಂಪಿ, ಬಿಡಿಸಿ ಡಬ್ಬಿ ತುಂಬುವ ಕೆಲಸ ಜೋರಾಗಿತ್ತು. ಈಗ ನೀರಿನ ಅಂಚಿಗೆ ಸಾಲು ರೆಸ್ಟೋರೆಂಟುಗಳು. ನಾನು ಆರಿಸಿದ್ದು ಅದರಲ್ಲೊಂದು ಹಳೆಯದನ್ನು. ಹೆಸರು ಬೇಡ ಬಿಡಿ, ಮುಂದೆ ನಡೆದದ್ದೆಲ್ಲ ನನ್ನದೇ ತಪ್ಪು. ಮೂರು ತಲೆಮಾರಿನಿಂದ ನಡೆಯುತ್ತಿರುವ ಜಾಗ. ನೀರಿನಲ್ಲಿ ಹೂತ ಕಂಬಗಳ ಮೇಲೆ ಹಲಗೆಯ ಜಗಲಿ. ನಡೆದರೆ ಹಲಗೆ ಕಿರ್ ಅನ್ನುತ್ತದೆ, ಸಂದಿಯಲ್ಲಿ ಕೆಳಗಿನ ನೀರು ಮಿಣುಕುತ್ತದೆ. ಗೋಡೆ ತುಂಬ ಬಣ್ಣಗೆಟ್ಟ ಫೋಟೋಗಳು. ಆಯ್ಸ್ಟರ್ ಚಿಪ್ಪಿನ ಗುಡ್ಡದ ಪಕ್ಕ ರಬ್ಬರ್ ಬೂಟು ಹಾಕಿ ನಿಂತ ಗಂಡಸರು. ನಾವು ಕಾರಿಗೆ ಜಾಗ ಹುಡುಕಿ ಸುಸ್ತಾಗಿದ್ದರೆ, ಕೆಲವರು ದೋಣಿಯಲ್ಲೇ ಬಂದು ಹಗ್ಗ ಕಟ್ಟಿ ಊಟಕ್ಕೆ ಇಳಿಯುತ್ತಿದ್ದರು.

"ಒಂದೂವರೆ ಗಂಟೆ ಆಗುತ್ತೆ" ಎಂದಳು ಬಾಗಿಲಲ್ಲಿದ್ದ ಹುಡುಗಿ. ಕೈಗೆ ಒಂದು ಕಪ್ಪು ಬಿಲ್ಲೆ ಕೊಟ್ಟಳು. ಪೇಜರ್. ಟೇಬಲ್ ಖಾಲಿಯಾದಾಗ ಅದು ಗುರ್ ಅಂದು ಕೆಂಪು ದೀಪ ಮಿನುಗಿಸುತ್ತದೆ. ಕಳೆದರೆ ದಂಡ ಎಂದೂ ಹೇಳಿದಳು. ನಾನು ಅದನ್ನು ಜೋಪಾನವಾಗಿ ಅತ್ತೆಯ ಕೈಗೆ ಕೊಟ್ಟೆ. ಅವರ ಚೀಲಕ್ಕೆ ಹೋದ ವಸ್ತು ಕಳೆದದ್ದು ಇಲ್ಲ. ಮೂರು ವಿಮಾನ ಬದಲಿಸಿ ಬಂದಾಗಲೂ ಅವರ ಕುಂಕುಮದ ಡಬ್ಬಿ ಇದ್ದಲ್ಲೇ ಇತ್ತು.

ಅಷ್ಟು ಹೊತ್ತು ಕಾಯುವುದು ಬರಲಿಲ್ಲ. ಸೀರೆಯುಟ್ಟ ಅಜ್ಜಿ ಬಿಸಿಲಲ್ಲಿ ನಿಂತದ್ದು ನೋಡಿ ಒಬ್ಬ ವೇಟ್ರೆಸ್ ಬಂದಳು. ಎಪ್ಪತ್ತರ ಹತ್ತಿರದವಳು, ಕಿವಿಯಲ್ಲಿ ಏಡಿ ಆಕಾರದ ಓಲೆ. ಹೈಸ್ಕೂಲಿನ ರಜೆಯಲ್ಲಿ ಕೆಲಸಕ್ಕೆ ಸೇರಿದವಳು ಇನ್ನೂ ಬಿಟ್ಟಿಲ್ಲವಂತೆ. ನಮ್ಮನ್ನು ಸೀದಾ ನೀರಿನ ಅಂಚಿನ ಟೇಬಲ್ಲಿಗೆ ಕರೆದುಕೊಂಡು ಹೋಗಿ ಭಾವನ ಮುಖ ನೋಡಿ, "ಏನು ಕೊಡಲಿ, ಹನ್?" ಎಂದಳು.

ಭಾವ ನನ್ನ ಕಡೆ ವಾಲಿದರು. "ತಿನ್ನುವ ಮುಂಚೆಯೇ ಹಣ ಕೇಳ್ತಾಳಲ್ಲ?"

ಬಾಲ್ಟಿಮೋರ್ ಸುತ್ತಮುತ್ತ ಹಳೆಯ ಹೆಂಗಸರು ಎಲ್ಲರನ್ನೂ ಹನಿ, ಅಂದರೆ ಜೇನು, ಎಂದು ಕರೆಯುತ್ತಾರೆ, ಅದೇ ಚಿಕ್ಕದಾಗಿ ಹನ್ ಆಗಿದೆ ಎಂದು ವಿವರಿಸಿದೆ. ಭಾವನ ಕಿವಿ ಕೆಂಪಾಯಿತು. ಆಮೇಲೆ ಅವಳು ಬಂದಾಗೆಲ್ಲ ಕಾಲರ್ ಸರಿಮಾಡಿಕೊಂಡರು.

ಮೆನುವಿನಲ್ಲಿ ಎಲ್ಲದಕ್ಕೂ ಬೆಲೆ ಇತ್ತು, ಏಡಿಗೆ ಮಾತ್ರ ಇರಲಿಲ್ಲ. ಆ ಜಾಗದಲ್ಲಿ "ಮಾರ್ಕೆಟ್ ಪ್ರೈಸ್" ಎಂದಿತ್ತು. ಚಿನ್ನದ ಅಂಗಡಿಯ ಹಾಗೆ ಇವತ್ತಿನ ರೇಟು ಕೇಳಬೇಕು. ಡಜನ್‌ಗೆ 90 ಡಾಲರ್. ಭಾವನ ತುಟಿ ಸ್ವಲ್ಪ ಹೊತ್ತು ಸದ್ದಿಲ್ಲದೆ ಅಲ್ಲಾಡಿತು, ಗುಣಾಕಾರ ನಡೆದಿತ್ತು. ಅವರು ಉತ್ತರ ಮುಟ್ಟುವ ಮುಂಚೆ ನಾನು ಒಂದೂವರೆ ಡಜನ್ ಹೇಳಿಬಿಟ್ಟೆ.

ಅವಳು ಟೇಬಲ್ ಮೇಲೆ ಕಂದು ಕಾಗದ ಹಾಸಿದಳು. ಟಿಶ್ಯೂ ಸುರುಳಿ ಇಟ್ಟಳು. ಮೊಂಡು ಚಾಕು, ಕರಗಿದ ಬೆಣ್ಣೆ, ವಿನೆಗರ್. ಕೊನೆಗೆ ಎಲ್ಲರ ಮುಂದೆ ಒಂದೊಂದು ಮರದ ಸುತ್ತಿಗೆ. ಪುಟ್ಟ ಕೊಡತಿ.

"ತಟ್ಟೆ ಇಲ್ವಾ?" ಎಂದು ಅತ್ತೆ ಕೇಳಿದರು.

"ಇಲ್ಲ ಅತ್ತೆ, ಕಾಗದದ ಮೇಲೇ."

"ಇಷ್ಟು ದುಡ್ಡು ಕೊಟ್ಟು?"

ಅತ್ತೆಗೆ ಬೇಯಿಸಿದ ಮೆಕ್ಕೆಜೋಳದ ತೆನೆ ಮತ್ತು ಹಶ್ ಪಪ್ಪಿ ತರಿಸಿದೆ. ಹಶ್ ಪಪ್ಪಿ ಅಂದರೆ ಮೆಕ್ಕೆಜೋಳದ ಹಿಟ್ಟಿನ ಸಣ್ಣ ಬೋಂಡಾ. ಮಗಳು ಸುಮ್ನೆ ಇರಲಾರದೆ ಆ ಹೆಸರನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದಳು: "ಸುಮ್ನಿರು ನಾಯಿಮರಿ." ಅತ್ತೆ ತಿನ್ನುತ್ತಿದ್ದದ್ದನ್ನು ಕೆಳಗಿಟ್ಟರು. ನಾಯಿಗೂ ಅದಕ್ಕೂ ಹೆಸರು ಬಿಟ್ಟು ಏನೂ ಸಂಬಂಧ ಇಲ್ಲ ಎಂದು ನಂಬಿಸಲು ಐದು ನಿಮಿಷ ಬೇಕಾಯಿತು. ಅದರ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ ಎಂಬುದನ್ನು ಮಾತ್ರ ನಾನು ಇಲ್ಲೇ ಮೊದಲ ಸಲ ಬಾಯಿ ಬಿಡುತ್ತಿದ್ದೇನೆ. ಅತ್ತೆ ಇದನ್ನು ಓದುವುದಿಲ್ಲ ಎಂಬ ಧೈರ್ಯದಿಂದ.

ಏಡಿ ಬಂತು. ಬಂತು ಅಂದರೆ, ಅವಳು ಟ್ರೇ ಎತ್ತಿ ಕಾಗದದ ಮೇಲೆ ಗಲಗಲ ಸುರಿದಳು. ಹಬೆ ಎದ್ದಿತು. ಕೆಂಪು ಬೆನ್ನಿನ ಮೇಲೆ ಇಟ್ಟಿಗೆ ಬಣ್ಣದ ಮಸಾಲೆ ದಪ್ಪಗೆ ಮೆತ್ತಿಕೊಂಡಿತ್ತು.

"ನೀಲಿ ಏಡಿ ಅಂದಿರಿ?"

ನನ್ನ ಗಳಿಗೆ ಬಂತು. "ಬದುಕಿದ್ದಾಗ ನೀಲಿ, ಭಾವ. ಕೆಂಪು ಬಣ್ಣ ಚಿಪ್ಪಿನೊಳಗೆ ಮೊದಲೇ ಇರುತ್ತೆ, ಒಂದು ಪ್ರೋಟೀನ್ ಅದನ್ನು ಅಡಗಿಸಿಟ್ಟಿರುತ್ತೆ. ಬಿಸಿ ತಗುಲಿದಾಗ ಅದು ಸಡಿಲ ಆಗಿ ಕೆಂಪು ಹೊರಗೆ ಬರುತ್ತೆ. ಇಲ್ಲಿ ನೀರಲ್ಲಿ ಕುದಿಸಲ್ಲ, ಹಬೆಯಲ್ಲೇ ಬೇಯಿಸ್ತಾರೆ. ಇದರ ವೈಜ್ಞಾನಿಕ ಹೆಸರು ಕ್ಯಾಲಿನೆಕ್ಟಿಸ್ ಸ್ಯಾಪಿಡಸ್. ರುಚಿಯಾದ ಚೆಂದದ ಈಜುಗಾರ ಅಂತ ಅರ್ಥ. 1896ರಲ್ಲಿ ಮೇರಿ ರ‍್ಯಾತ್‌ಬನ್ ಅನ್ನುವ ವಿಜ್ಞಾನಿ ಇಟ್ಟದ್ದು."

"ತಿಂದು ನೋಡಿ ಹೆಸರಿಟ್ಟಿದ್ದಾರೆ. ಬುದ್ಧಿವಂತೆ" ಎಂದರು ಭಾವ. ಆಗಲೇ ಒಂದನ್ನು ಮಗುಚಿ ಹಾಕಿದ್ದರು. ನಾನು ಬಿಡಲಿಲ್ಲ. ಹೊಟ್ಟೆಯ ಮೇಲಿನ ಮುಚ್ಚಳ ಉದ್ದಕ್ಕೆ ಚೂಪಾಗಿದ್ದರೆ ಗಂಡು, ಅದನ್ನು ರಾಜಧಾನಿಯ ಚೂಪು ಕಂಬದ ಹೆಸರಲ್ಲಿ ವಾಷಿಂಗ್ಟನ್ ಸ್ಮಾರಕ ಅನ್ನುತ್ತಾರೆ. ಅಗಲಕ್ಕೆ ದುಂಡಗಿದ್ದರೆ ಹೆಣ್ಣು, ಅದು ಕ್ಯಾಪಿಟಲ್ ಗುಮ್ಮಟ, ಇಲ್ಲಿನ ಸಂಸತ್ತಿನದ್ದು. ಹೆಣ್ಣಿನ ಕೊಂಬಿನ, ಅಂದರೆ ಕಚ್ಚುವ ಇಕ್ಕಳದ, ತುದಿಗೆ ನೇಲ್ ಪಾಲಿಶ್ ಹಚ್ಚಿದ ಹಾಗೆ ಕೆಂಪು. ಭಾವ ಕೇಳಿಸಿಕೊಂಡರು. "ವಾಷಿಂಗ್ಟನ್ ಹುಟ್ಟುವ ಮುಂಚೆಯೂ ಏಡಿಗೆ ಹೊಟ್ಟೆ ಇತ್ತಲ್ಲ ಭಾವ" ಎಂದರು.

ಮಸಾಲೆಯ ಕಥೆಯೊಂದು ಬಾಕಿ ಇತ್ತು. ಅದು ನನಗೆ ತುಂಬಾ ಇಷ್ಟದ್ದು. ಜರ್ಮನಿಯಿಂದ ನಾಜಿಗಳ ಕಾಟ ತಪ್ಪಿಸಿಕೊಂಡು ಬಂದ ಗುಸ್ತಾವ್ ಬ್ರುನ್ ಎಂಬ ಯಹೂದಿ ವ್ಯಾಪಾರಿ 1939ರಲ್ಲಿ ಬಾಲ್ಟಿಮೋರಿನಲ್ಲಿ ಈ ಮಿಶ್ರಣ ಶುರು ಮಾಡಿದ. ಸೆಲರಿ ಉಪ್ಪು, ಮೆಣಸು, ಕೆಂಪು ಮೆಣಸಿನ ಪುಡಿ, ಪ್ಯಾಪ್ರಿಕಾ, ಇನ್ನೂ ಏನೇನೋ. ಈ ಕೊಲ್ಲಿಯಲ್ಲಿ ಓಡುತ್ತಿದ್ದ ಹಡಗು ಕಂಪನಿಯ ಹೆಸರನ್ನೇ ಇಟ್ಟ: ಓಲ್ಡ್ ಬೇ. ಇದನ್ನೆಲ್ಲ ಇಂಗ್ಲಿಷ್ ಪದಗಳನ್ನು ಸೇರಿಸಿ, ಸ್ವಲ್ಪ ಜೋರಾಗಿಯೇ, ಆ ವೇಟ್ರೆಸ್‌ಗೂ ಕೇಳಲಿ ಎಂಬಂತೆ ಹೇಳಿದೆ. ಅವಳಿಗೆ ಕೇಳಿಸಿತು.

"ಇದು ಓಲ್ಡ್ ಬೇ ಅಲ್ಲ, ಹನ್" ಎಂದಳು. ಏಡಿಗೆ ದಪ್ಪ ಉಪ್ಪಿನ ಬೇರೆ ಮಿಶ್ರಣವೇ ಬೇಕಂತೆ, ಇಲ್ಲಿನ ಎಷ್ಟೋ ಕಡೆ ಅದನ್ನೇ ಹಾಕುವುದಂತೆ. ಓಲ್ಡ್ ಬೇ ಮನೆಯಲ್ಲಿ ಇಡೋಕೆ. ಹೆಂಡತಿ ಬೆಣ್ಣೆ ಬಟ್ಟಲಿನೊಳಗೆ ನೋಡುತ್ತಾ ನಕ್ಕಳು.

ಮಾತು ಸಾಕು, ಕೆಲಸ ಮಾಡೋಣ ಎಂದು ಸುತ್ತಿಗೆ ಎತ್ತಿದೆ. ವಿಡಿಯೋದಲ್ಲಿ ನೋಡಿದ್ದು ಕೊಂಬಿನ ಮೇಲೆ ಚಾಕು ಇಟ್ಟು ಹಗುರವಾಗಿ ತಟ್ಟುವುದನ್ನು. ಆ ಗಳಿಗೆಯಲ್ಲಿ ನೆನಪಾದದ್ದು ತೆಂಗಿನಕಾಯಿ. ನಡುಬೆನ್ನಿಗೆ ಒಂದು ಬಾರಿಸಿದೆ. ಏಡಿಯೊಳಗೆ ಅಷ್ಟು ರಸ ಇರುತ್ತದೆ ಎಂದು ನಾಲ್ಕು ವಿಡಿಯೋದಲ್ಲಿ ಒಂದರಲ್ಲೂ ಹೇಳಿರಲಿಲ್ಲ. ಮೊದಲ ಹನಿ ನನ್ನ ಕನ್ನಡಕಕ್ಕೆ. ಎರಡನೆಯದು ಮಗಳ ಫೋನಿಗೆ. ಉಳಿದದ್ದು ಹಳದಿ ಬಣ್ಣದ ಬಿಲ್ಲಿನಂತೆ ಬಾಗಿ ಪಕ್ಕದ ಟೇಬಲ್ಲಿನ ಹಿರಿಯರ ಬಿಳಿ ಶರ್ಟಿಗೆ.

ನಾನು ಎದ್ದು ನಿಂತು ಕ್ಷಮೆ ಕೇಳಿದೆ. ಅವರು ಶರ್ಟಿನಿಂದ ಬೆರಳಲ್ಲಿ ತೆಗೆದು ನೆಕ್ಕಿ ನೋಡಿದರು. ಅದನ್ನು ಇಲ್ಲಿ ಮಸ್ಟರ್ಡ್ ಅನ್ನುತ್ತಾರೆ. ಸಾಸಿವೆಗೂ ಅದಕ್ಕೂ ಬಣ್ಣ ಬಿಟ್ಟು ಸಂಬಂಧ ಇಲ್ಲ. "ಒಳ್ಳೆ ಏಡಿ" ಎಂದರು. "ಮೊದಲ ಸಲವಾ? ಎಲ್ಲಿಂದ ಬಂದಿರಿ?"

ನಾನು ಉತ್ತರ ಹುಡುಕುವಷ್ಟರಲ್ಲಿ ಮಗಳು, "ಇಲ್ಲಿಂದ ಒಂದು ಗಂಟೆ ದೂರ. ನಾವು ಮೇರಿಲ್ಯಾಂಡ್‌ನವರೇ" ಎಂದಳು. ಹದಿನಾಲ್ಕು ವರ್ಷದ ಗುಟ್ಟು ಅಲ್ಲಿಗೆ ಮುಗಿಯಿತು.

ನಾಚಿಕೆಗೆ ಕಣ್ಣು ಉಜ್ಜಿಕೊಂಡೆ. ಅದೇ ಕೈಯಲ್ಲಿ. ಆ ಮಸಾಲೆಯ ಉಪ್ಪು ಎಷ್ಟು ದಪ್ಪ, ಖಾರ ಎಷ್ಟು ಸಣ್ಣ ಎಂದು ನನ್ನ ಬಲಗಣ್ಣು ಇವತ್ತಿಗೂ ಸಾಕ್ಷಿ ಹೇಳುತ್ತದೆ. ಹೆಂಡತಿ ಗಾಬರಿಯಲ್ಲಿ ಒದ್ದೆ ಟಿಶ್ಯೂ ಬಿಚ್ಚಿ ಕಣ್ಣಿಗೆ ಒತ್ತಿದಳು. ಅದು ನಿಂಬೆಹಣ್ಣಿನ ಪರಿಮಳದ್ದು.

ಒಂದೇ ಕಣ್ಣಲ್ಲಿ ನಾನು ಮುಂದಿನದನ್ನು ನೋಡಿದೆ. ಭಾವ ಸುತ್ತಿಗೆ ಮುಟ್ಟಲೇ ಇಲ್ಲ. ಏಡಿಯ ಮುಚ್ಚಳಕ್ಕೆ ಹೆಬ್ಬೆರಳು ಸಿಕ್ಕಿಸಿದರು, ಬೆನ್ನಿನ ಚಿಪ್ಪು ಡಬ್ಬಿಯ ಹಾಗೆ ತೆರೆದುಕೊಂಡಿತು. ಪಕ್ಕದ ಬೂದು ಬಣ್ಣದ ಕಿವಿರು ಕಿತ್ತು ಬದಿಗಿಟ್ಟರು. ನಡುವೆ ಲಟಕ್ ಎಂದು ಮುರಿದರು. ಹಿಂಗಾಲಿನ ಬುಡ ಹಿಡಿದು ಒಂಚೂರು ತಿರುಗಿಸಿ ಎಳೆದರೆ, ಅಡಿಕೆಯಷ್ಟು ದಪ್ಪದ ಬಿಳಿ ಮಾಂಸ ಇಡಿಯಾಗಿ ಕಾಲಿನ ಜೊತೆ ಬಂತು. ಈಜುವ ಕಾಲು ಅದು, ಹಾಗಾಗಿ ಅಲ್ಲೇ ಮಾಂಸ ಜಾಸ್ತಿ. ಒಂದು ಏಡಿಗೆ ಎರಡು ನಿಮಿಷ. ಮಾತಿಲ್ಲ.

ಆರನೆಯದನ್ನು ಎತ್ತಿದವರು ನಿಲ್ಲಿಸಿದರು. ಕೈಯಲ್ಲಿ ತೂಗಿದರು. ಮಗುಚಿ ಹೊಟ್ಟೆ ನೋಡಿದರು. ಕಾಲಿನ ಬುಡ ಒತ್ತಿದರು. ವೇಟ್ರೆಸ್ ಕಡೆ ಚಾಚಿ ಅಚ್ಚ ಕನ್ನಡದಲ್ಲಿ, "ಇದು ಆಗ್ಲಿಕ್ಕಿಲ್ಲ. ಹೊಟ್ಟೆ ತೀರಾ ಬೆಳ್ಳಗೆ ಉಂಟು. ಮೊನ್ನೆ ಪೊರೆ ಬಿಟ್ಟದ್ದು, ಒಳಗೆ ಬರೀ ನೀರು" ಎಂದರು. ನಾನು ಅನುವಾದ ಮಾಡಲು ಬಾಯಿ ತೆರೆದೆ. ಅವಳು ನನ್ನನ್ನು ನೋಡಲೇ ಇಲ್ಲ. ಏಡಿ ತಗೊಂಡಳು, ಅದೇ ಜಾಗದಲ್ಲಿ ಒತ್ತಿದಳು, ಚಿಪ್ಪು ಮೆತ್ತಗೆ ಒಳಗೆ ಹೋಯಿತು. ತಲೆಯಾಡಿಸಿದಳು. ಅಡುಗೆಮನೆಗೆ ಹೋಗಿ ಅದರ ಬದಲಿಗೆ ಎರಡು ತಂದಳು. ಒಂದು ಲೆಕ್ಕಕ್ಕಂತೆ, ಒಂದು ಗೊತ್ತಿದ್ದವರಿಗಂತೆ. ಆಮೇಲೆ ಇಬ್ಬರೂ ಕೈಸನ್ನೆಯಲ್ಲೇ ಮಾತಾಡಿಕೊಂಡರು. ಅವಳು ಆಕಾಶ ತೋರಿಸಿ ಬೆರಳಲ್ಲಿ ಚಂದ್ರನನ್ನು ಬರೆದಳು. ಭಾವ "ಹೌದು ಹೌದು, ಹುಣ್ಣಿಮೆ" ಎಂದರು. ನನ್ನ ಕ್ಲೇಬೋರ್ನ್, ನನ್ನ ಬ್ರುನ್ ಯಾರೂ ಉಪಯೋಗಕ್ಕೆ ಬರಲಿಲ್ಲ.

ಇಷ್ಟರಲ್ಲಿ ಒಂದು ಸೀಗಲ್ ರಪ್ ಎಂದು ಇಳಿದು ಅತ್ತೆಯ ಮುಂದಿನ ಬೋಂಡಾ ಎತ್ತಿಕೊಂಡು ಹಾರಿತು. ಮಗಳು ಕಿರುಚಿದಳು. ಅತ್ತೆ ಮಾತ್ರ ಕೈ ಮುಗಿದರು. "ಶನಿವಾರ ಕಾಗೆಗೆ ಇಡಬೇಕಿತ್ತು, ನೆನಪೇ ಆಗಿರಲಿಲ್ಲ. ಕಾಗೆ ಇಲ್ಲದಿದ್ದರೆ ಇದೇ ಆಯಿತು" ಎಂದು ಇನ್ನೆರಡನ್ನು ಕಟಕಟೆಯ ಮೇಲಿಟ್ಟರು. ಎರಡೇ ನಿಮಿಷದಲ್ಲಿ ನಮ್ಮ ಟೇಬಲ್ಲಿನ ಸುತ್ತ ಹದಿನೈದು ಸೀಗಲ್. ಬಿಳಿ ಶರ್ಟಿನ ಹಿರಿಯರು ಬಿಲ್ ಕೇಳಿದರು.

ಕೊನೆಯ ಲೆಕ್ಕ: ಭಾವ ಹತ್ತು, ಹೆಂಡತಿ ಏಳು, ನಾನು ಎರಡು. ನನ್ನ ಎರಡರಿಂದ ಸಿಕ್ಕ ಮಾಂಸ ಒಂದು ಚಮಚಕ್ಕೆ ಸ್ವಲ್ಪ ಜಾಸ್ತಿ, ಚಿಪ್ಪಿನ ಚೂರು ಸೇರಿ. ಕೊನೆಕೊನೆಗೆ ಭಾವ ತಾವು ಬಿಡಿಸಿದ್ದನ್ನು ಸದ್ದಿಲ್ಲದೆ ನನ್ನ ಮುಂದೆ ಇಡತೊಡಗಿದರು. ಮುಳ್ಳಿಲ್ಲದ ತುಂಡು ಅಟ್ಲಾಂಟಿಕ್ ದಾಟಿ ಬಂದಿತ್ತು. ಬಿಲ್ ಮಾತ್ರ ನನ್ನ ಮುಂದೆ ತಾನಾಗಿಯೇ ಬಂತು.

ಸಂಜೆ ವಾಪಸ್ ಹೊರಟೆವು. ಒಂದು ಕಣ್ಣು ಇನ್ನೂ ಉರಿಯುತ್ತಿತ್ತು. ಸೇತುವೆ ಏರಿದೆ. ಸರಿಯಾಗಿ ತುತ್ತತುದಿಯಲ್ಲಿ, ಆ 186 ಅಡಿಯ ಜಾಗದಲ್ಲಿ, ನನ್ನ ಸೀಟಿನ ಹಿಂದಿನಿಂದ ಗುರ್ ಎಂದಿತು. ಇಡೀ ಕಾರಿನೊಳಗೆ ಕೆಂಪು ದೀಪ ಮಿನುಗಿತು. ಎಂಜಿನ್ ಹೋಯಿತು ಅಂದುಕೊಂಡೆ. ಸೇತುವೆಯೇ ಹೋಯಿತು ಅಂದುಕೊಂಡೆ.

"ಆಗಿನಿಂದ ಎರಡು ಮೂರು ಸಲ ಗುರ್ ಅಂದಿತು. ಮೊಬೈಲ್ ಅಂದುಕೊಂಡೆ" ಎನ್ನುತ್ತಾ ಅತ್ತೆ ಚೀಲದಿಂದ ಕಪ್ಪು ಬಿಲ್ಲೆ ತೆಗೆದರು. ಪೇಜರ್! ದೂರ ಹೋದರೆ ಅದು ಹೀಗೆ ಬೊಬ್ಬೆ ಹೊಡೆಯುತ್ತದೆ.

ಸೇತುವೆ ಮೇಲೆ ತಿರುಗಿಸುವ ಹಾಗಿಲ್ಲ. ಪೋಸ್ಟಿನಲ್ಲಿ ಕಳಿಸಿದರಾಯಿತು ಎಂದೆ. ಅತ್ತೆ ಒಪ್ಪಲಿಲ್ಲ. ಪರರ ಸ್ವತ್ತು, ಅದೂ ಶನಿವಾರ. ಒಳಗೆ ಕಬ್ಬಿಣ ಇರದೆ ಹೀಗೆ ನಡುಗುತ್ತದೆಯೇ, ಶನಿವಾರ ಕಬ್ಬಿಣ ಮನೆಗೆ ತರುತ್ತಾರೆಯೇ? ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪಶ್ಚಿಮ ದಡ ಮುಟ್ಟಿ ಸ್ಯಾಂಡಿ ಪಾಯಿಂಟ್ ಹತ್ತಿರ ಕಾರು ತಿರುಗಿಸಿದೆ. ಈಗ ಮತ್ತೆ ಪೂರ್ವಕ್ಕೆ. ಮತ್ತೆ ಟೋಲ್. ಭಾವ ಏನೂ ಹೇಳಲಿಲ್ಲ, ಆದರೆ ನನ್ನ ಪರ್ಸಿನ ಕಡೆ ಒಮ್ಮೆ ನೋಡಿದರು.

ಕತ್ತಲಾಗುವ ಹೊತ್ತಿಗೆ ಆ ಹಲಗೆಯ ಜಗಲಿಯ ಮುಂದೆ ನಿಂತಿದ್ದೆ. ಹಿಂದಿನಿಂದ ಭಾವನೂ ಇಳಿದು ಬಂದರು. ಬಾಗಿಲಲ್ಲಿ ಹುಡುಗಿ ಬದಲಾಗಿದ್ದಳು. ನಾನು ಪೇಜರ್ ಚಾಚಿದೆ. ಅವಳು ತಲೆ ಎತ್ತದೆ ಅದನ್ನು ತಗೊಂಡು, ಒರೆಸಿ, ಏನೋ ಒತ್ತಿ, ತಿರುಗಿ ನನ್ನ ಕೈಗೇ ಇಟ್ಟಳು.

"ಒಂದೂವರೆ ಗಂಟೆ ಆಗುತ್ತೆ. ಎಷ್ಟು ಜನ?"

ಹಿಂದೆ ನಿಂತಿದ್ದ ಭಾವ ಕಾಲರ್ ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು: "ಐದು ಜನ ಅನ್ನಿ ಭಾವ."